ಹನ್ನೊಂದೂ ಇಪ್ಪತ್ತರ ಹಾಡು

ಕನ್ನಡಕದ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮುಂದಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಅದು. ಫೋನಿನಲ್ಲಿ ಯಾವ ಹಾಡು ಹಾಕಿಕೊಂಡರೂ ಮೊದಲ ಚರಣ ಮುಗಿಯುವುದರೊಳಗೆ ಅವಳ ಹೆಬ್ಬೆರಳು ‘ಮುಂದೆ’ ಎನ್ನುವ ಗುಂಡಿಯ ಮೇಲಿರುತ್ತಿತ್ತು. ಪಲ್ಲವಿ ಕೇಳಿದರೆ ಸಾಕು, ಆ ಹಾಡಿನ ಹಣೆಬರಹ ತಿಳಿಯಿತು ಎನ್ನುವವಳು. ದಿನಕ್ಕೆ ಇನ್ನೂರು ಹಾಡು ಹಾಕುತ್ತಿದ್ದಳು, ಒಂದನ್ನೂ ಪೂರ್ತಿ ಕೇಳುತ್ತಿರಲಿಲ್ಲ.

ಹಾಗೆಂದು ಅವಳಿಗೆ ಹಾಡಿನ ಮೇಲೆ ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ. ಪ್ರೀತಿ ಹೆಚ್ಚಾಗಿಯೇ ಈ ಪಾಡು. ಅವಳ ಫೋನಿನಲ್ಲಿ ಹಾಡಿಗೆ ಸಂಬಂಧಪಟ್ಟ ಆ್ಯಪ್‌ಗಳೇ ಹದಿನಾಲ್ಕು ಇದ್ದವು. ಬಸ್ಸಿನಲ್ಲೋ ಅಂಗಡಿಯಲ್ಲೋ ಎಲ್ಲಾದರೂ ಹಾಡು ಕೇಳಿಸಿದರೆ ಅದು ಯಾವುದೆಂದು ಹೇಳುವುದು ಒಂದು. ಹಾಡು ಓಡುತ್ತಿದ್ದಂತೆ ಸಾಲುಸಾಲಾಗಿ ಸಾಹಿತ್ಯ ತೋರಿಸುವುದು ಇನ್ನೊಂದು. ಎಲ್ಲೆಲ್ಲಿಯದೋ ಊರುಗಳ ರೇಡಿಯೊ ಹಿಡಿದು ಕೊಡುವುದು, ಸ್ವರ ಕೆಡದಂತೆ ಹಾಡನ್ನು ನಿಧಾನ ಮಾಡುವುದು, ಮಲಗಿದ ಮೇಲೆ ಅರ್ಧ ಗಂಟೆಗೆ ತಾನೇ ಆರುವುದು. ಅಂಗಡಿಯ ಮುಂದಿನ ಕೌಂಟರಿನವರು, ಪಕ್ಕದ ಔಷಧಿ ಅಂಗಡಿಯವರು, ಕೊನೆಗೆ ಕಣ್ಣು ಪರೀಕ್ಷಿಸುವ ಮೇಡಂ ಕೂಡ, “ಮುಂದಮ್ಮ, ನಮ್ಮ ಫೋನಿಗೂ ಒಂದು ಒಳ್ಳೇದು ಹಾಕಿಕೊಡಿ” ಎಂದು ಬರುತ್ತಿದ್ದರು. ಹಾಕಿಕೊಡುತ್ತಿದ್ದಳು. ಅವರು ಅದನ್ನು ಬಳಸಲು ಕಲಿಯುವ ಹೊತ್ತಿಗೆ ಅವಳು ಅದನ್ನು ಅಳಿಸಿ ಬೇರೊಂದಕ್ಕೆ ಹೋಗಿರುತ್ತಿದ್ದಳು.

ಕೆಲಸದಲ್ಲೂ ಅವಳು ಹಾಗೇ ಇದ್ದವಳು. ನಲವತ್ತನಾಲ್ಕು ವರ್ಷಕ್ಕೆ ಹನ್ನೊಂದು ಕೆಲಸ ಬದಲಾಯಿಸಿದ್ದಳು. ಬೇಕರಿ, ಕೊರಿಯರ್ ಆಫೀಸು, ಶಾಲೆಯ ಗ್ರಂಥಾಲಯ, ಮೊಬೈಲ್ ಅಂಗಡಿ, ಹೂಗಿಡ ಬೆಳೆಸಿ ಮಾರುವ ನರ್ಸರಿ. ಯಾರೂ ಅವಳನ್ನು ಓಡಿಸಿರಲಿಲ್ಲ. ಕೆಲಸ ಕೈಗೆ ಹತ್ತಿತು ಅನ್ನುವಾಗ ಅವಳಿಗೇ ಕಾಲು ತುರಿಸತೊಡಗುತ್ತಿತ್ತು. “ನಿದ್ದೇಲೂ ನಿನ್ನ ಕಾಲು ಸುಮ್ನಿರಲ್ಲ ಮಾರಾಯ್ತಿ, ಹೊದಿಕೆ ಎಲ್ಲ ಎಳ್ಕೊಂಡು ಎಲ್ಲಿಗೋ ಹೊರಟಿರ್ತೀಯ” ಎಂದು ನಲ್ಲಿ ರಿಪೇರಿ ಮಾಡುವ ಅವಳ ಗಂಡ ಗೊಣಗುತ್ತಿದ್ದ.

ಆದರೆ ಈ ಕನ್ನಡಕದ ಅಂಗಡಿಯಲ್ಲಿ ಮಾತ್ರ ಎರಡು ವರ್ಷ ಮೂರು ತಿಂಗಳು ನಿಂತಿದ್ದಳು. ಅದಕ್ಕೆ ಕಾರಣ ಅವಳ ಅಕ್ಕ.

ಅಕ್ಕ ಅವಳಿಗಿಂತ ಎಂಟು ವರ್ಷ ದೊಡ್ಡವಳು. ಇಪ್ಪತ್ತಾರು ವರ್ಷದಿಂದ ಒಂದೇ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿದ್ದವಳು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲ ಒಗೆದು ಬಂದದ್ದನ್ನು ಎಣಿಸಿ, ಇಸ್ತ್ರಿ ಮಾಡಿಸಿ, ಅಟ್ಟಣಿಗೆಗೆ ಏರಿಸುವ ಮೇಸ್ತ್ರಿ. ಎರಡೂವರೆ ವರ್ಷದ ಹಿಂದೆ ಅಲ್ಲಿ ಒಂದು ಜಾಗ ಖಾಲಿಯಾದಾಗ ತಂಗಿ ಅರ್ಜಿ ಹಾಕಿದಳು. ಬೇಕಾದ ಕೆಲಸವಾಗಿತ್ತು ಅದು, ಮನೆಗೂ ಹತ್ತಿರ. ಮೇಲಿನವರು ಅಕ್ಕನನ್ನು ಕರೆದು, “ನಿಮ್ಮ ತಂಗಿ ಅಂತೆ, ನಿಲ್ತಾಳಾ?” ಎಂದು ಕೇಳಿದರು. “ಆರು ತಿಂಗಳು ನಿಂತರೆ ಹೆಚ್ಚು” ಎಂದು ಅಕ್ಕ ಹೇಳಿದಳು. ಕೆಲಸ ಬೇರೆಯವರ ಪಾಲಾಯಿತು. ಆ ಮಾತು ಬಾಯಿಂದ ಬಾಯಿಗೆ ಹರಿದು ತಂಗಿಯ ಕಿವಿಗೂ ಬಿತ್ತು. ಅವತ್ತೇ ಅಕ್ಕನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಇಬ್ಬರೂ ಸಾಯುವವರೆಗೆ ಮರೆಯಲಾಗದಂಥ ನಾಲ್ಕು ಮಾತು ಆಡಿ ಬಂದಳು. ಆಮೇಲೆ ಇಬ್ಬರ ನಡುವೆ ಮಾತಿಲ್ಲ ಕಥೆಯಿಲ್ಲ. ಮೂರು ತಿಂಗಳು ಬಿಟ್ಟು ಕನ್ನಡಕದ ಅಂಗಡಿ ಸೇರಿದಳು. ಆರು ತಿಂಗಳು ಮುಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಆಮೇಲೆ ಕಾಲು ಎಷ್ಟು ತುರಿಸಿದರೂ ಹಲ್ಲು ಕಚ್ಚಿ ಕೂತಳು.

ಹಿಂದಿನ ಕೋಣೆ ಚಿಕ್ಕದು. ಒಂದು ಕಿಟಕಿ, ಒಂದು ಎತ್ತರದ ಸ್ಟೂಲು, ಎರಡು ಯಂತ್ರ. ಮುಂದಿನ ಕೌಂಟರಿನಿಂದ ಒಂದೊಂದು ಪುಟ್ಟ ತಟ್ಟೆಯಲ್ಲಿ ಫ್ರೇಮು, ಎರಡು ದುಂಡು ಗಾಜು, ಒಂದು ಚೀಟಿ ಬರುತ್ತಿತ್ತು. ಗಾಜನ್ನು ಮೊದಲ ಯಂತ್ರದಲ್ಲಿಟ್ಟು ಪವರು ಸರಿಯಾಗಿದೆಯೇ ನೋಡಿ, ಕಣ್ಣಿನ ಪಾಪೆ ಎಲ್ಲಿ ಬರಬೇಕೋ ಅಲ್ಲಿಗೆ ಮಸಿಯ ಚುಕ್ಕೆ ಇಟ್ಟು, ಅಂಟಿನ ಬಿಲ್ಲೆ ಒತ್ತಿ, ಎರಡನೆಯ ಯಂತ್ರದ ದವಡೆಗೆ ಕಚ್ಚಿಸಬೇಕು. ಒಳಗೆ ಕಲ್ಲಿನ ಚಕ್ರ ನೀರಿನಲ್ಲಿ ತಿರುಗುತ್ತ ಗಾಜಿನ ಅಂಚನ್ನು ಫ್ರೇಮಿನ ಆಕಾರಕ್ಕೆ ಅರೆಯುತ್ತಿತ್ತು. ಅರ್ಧ ಮಿಲಿಮೀಟರು ಹೆಚ್ಚಾದರೆ ಫ್ರೇಮಿಗೆ ಕೂರುವುದಿಲ್ಲ, ಅರ್ಧ ಮಿಲಿಮೀಟರು ಕಡಿಮೆಯಾದರೆ ಉದುರುತ್ತದೆ. ಒಂದು ಕಿವಿಯಲ್ಲಿ ಹಾಡು, ಇನ್ನೊಂದು ಕಿವಿ ಯಂತ್ರಕ್ಕೆ. ಗಾಜು ಜಾರಿದರೆ ಚಕ್ರದ ಸದ್ದು ತುಸು ಕೀರಲಾಗುತ್ತದೆ, ಅದನ್ನು ಕಿವಿಯೇ ಹಿಡಿಯಬೇಕು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಅವಳ ಹಾಡು ನಡುವೆಯೇ ನಿಂತುಹೋಯಿತು.

ಫೋನು ತೆಗೆದು ನೋಡಿದಳು. ‘ಈ ಖಾತೆಯಲ್ಲಿ ಬೇರೆ ಫೋನಿನಿಂದ ಹಾಡು ಕೇಳಲಾಗುತ್ತಿದೆ’ ಎಂದಿತ್ತು. ಕೆಳಗೆ ಇಂಗ್ಲಿಷಿನ ನಾಲ್ಕು ಅಕ್ಷರ, ಮೂರು ಅಂಕಿ, ಯಾವುದೋ ಹಳೆಯ ಫೋನಿನ ಮಾದರಿ. ಅದರ ಪಕ್ಕದಲ್ಲಿ ಅಲ್ಲಿ ಓಡುತ್ತಿದ್ದ ಹಾಡಿನ ಹೆಸರು. ಒಬ್ಬಳು ಹೆಂಗಸು ದೋಣಿಯ ಬಗ್ಗೆ, ನದಿಯ ಬಗ್ಗೆ ನಿಧಾನಕ್ಕೆ ಹಾಡುವ, ಮುಂದಮ್ಮನ ಲೆಕ್ಕದಲ್ಲಿ ತೂಕಡಿಕೆ ತರಿಸುವ ಹಾಡು. ಅವಳು ತನ್ನ ಹಾಡನ್ನು ಮತ್ತೆ ಒತ್ತಿದಳು. ಅರ್ಧ ನಿಮಿಷ ಓಡಿತು, ಮತ್ತೆ ನಿಂತಿತು. ದೋಣಿಯ ಹಾಡು ವಾಪಸ್ಸು. ಹೀಗೆ ಇಪ್ಪತ್ತೈದು ನಿಮಿಷ. ಆಮೇಲೆ ತಾನಾಗಿಯೇ ಬಿಟ್ಟಿತು. ಸಂಜೆ ನಾಲ್ಕೂವರೆಗೆ ಮತ್ತೆ ಅದೇ ಗೋಳು, ಅದೇ ದೋಣಿ, ಒಂದಾದ ಮೇಲೊಂದರಂತೆ ಐದು ಸಲ.

ಮರುದಿನವೂ ಹಾಗೆಯೇ. ಅದರ ಮರುದಿನವೂ.

“ಯಾರೋ ನಿಮ್ಮ ಖಾತೆ ಕದ್ದಿದ್ದಾರೆ ರೀ” ಎಂದರು ಕಣ್ಣು ಪರೀಕ್ಷಿಸುವ ಮೇಡಂ. “ಪಾಸ್‌ವರ್ಡ್ ಬದಲಾಯಿಸಿ.”

“ಕದಿಯೋನು ದಿನಾ ಒಂದೇ ಹಾಡು ಕೇಳ್ತಾನಾ ಮೇಡಂ? ನನಗಂತೂ ತಲೆ ಚಿಟ್ಟು ಹಿಡಿದುಹೋಗಿದೆ.”

ಪಾಸ್‌ವರ್ಡ್ ಬದಲಾಯಿಸಲು ಹೋದರೆ ಆ್ಯಪ್ ಒಂದು ಇಮೇಲಿಗೆ ಗುಪ್ತ ಸಂಖ್ಯೆ ಕಳಿಸಿದ್ದೇನೆ ಎಂದಿತು. ಆ ಇಮೇಲು ಅವಳದ್ದಲ್ಲ. ಮೊದಲ ಮೂರು ಅಕ್ಷರ ನೋಡಿದಾಗಲೇ ಹೊಳೆಯಿತು, ಅಕ್ಕನ ಮಗಳದ್ದು. ಐದು ವರ್ಷದ ಹಿಂದೆ ಆ ಹುಡುಗಿಯೇ ಈ ಆ್ಯಪ್ ಹಾಕಿಕೊಟ್ಟವಳು. ಈಗ ಬೇರೆ ಊರಿನಲ್ಲಿ ನರ್ಸ್ ಆಗಿದ್ದಳು. ಊಟದ ಹೊತ್ತಿಗೆ ಫೋನು ಮಾಡಿ, ಬಂದ ಸಂಖ್ಯೆ ಹೇಳು ಎಂದಳು.

“ಅಯ್ಯೋ ಚಿಕ್ಕಮ್ಮ, ಬದಲಾಯಿಸ್ಬೇಡ! ಅದು ಕಳ್ಳ ಅಲ್ಲ, ನಮ್ಮಮ್ಮ.”

“ನಿಮ್ಮಮ್ಮನಾ? ಅವಳು ರೇಡಿಯೊ ಬಿಟ್ಟು ಬೇರೆ ಯಾವತ್ತು ಕೇಳಿದ್ಲು?”

“ಅವತ್ತು ಇಬ್ಬರ ಫೋನಿಗೂ ಒಂದೇ ಖಾತೆ ಹಾಕಿಕೊಟ್ಟಿದ್ದೆನಲ್ಲ, ಮರೆತುಬಿಟ್ಯಾ? ಇಷ್ಟು ದಿನ ಅವಳು ಮುಟ್ಟಿರಲಿಲ್ಲ. ಈಗ ಅವಳಿಗೆ…” ಎಂದ ಹುಡುಗಿ ಅಲ್ಲಿಗೇ ನಿಲ್ಲಿಸಿದಳು.

“ಅವಳಿಗೆ ಏನು?”

“ಏನಿಲ್ಲ. ಹೊತ್ತು ಹೋಗಲ್ಲ ಅಂತ ಕೇಳ್ತಾಳೆ. ಬೇಕಾದ್ರೆ ನಿನಗೆ ಬೇರೆ ಖಾತೆ ಮಾಡಿಕೊಡ್ತೀನಿ, ಐದು ನಿಮಿಷದ ಕೆಲಸ.”

ಹುಡುಗಿ ಏನೋ ನುಂಗಿಕೊಂಡಳು ಎಂಬುದು ಅವಳಿಗೆ ತಿಳಿಯಿತು. ಕೆದಕಿ ಕೇಳಬಹುದಿತ್ತು. “ಅವಸರವಿಲ್ಲ ಬಿಡು” ಎಂದು ಫೋನಿಟ್ಟಳು.

ಅವಸರವಿಲ್ಲ ಎಂದದ್ದಕ್ಕೆ ಕಾರಣವಿತ್ತು. ಆ ಆ್ಯಪಿನಲ್ಲಿ ಇನ್ನೊಂದು ಸೌಕರ್ಯವೂ ಇತ್ತು. ಬೇರೆ ಫೋನಿನಲ್ಲಿ ಓಡುತ್ತಿರುವ ಹಾಡನ್ನು ಈ ಫೋನಿನಿಂದಲೇ ನಿಲ್ಲಿಸಬಹುದು, ಬದಲಾಯಿಸಬಹುದು, ಮುಂದಕ್ಕೆ ಹಾರಿಸಬಹುದು.

ಮರುದಿನ ಹನ್ನೊಂದೂ ಇಪ್ಪತ್ತಕ್ಕೆ ದೋಣಿ ಹೊರಟಿತು. ಮುಂದಮ್ಮ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ‘ಮುಂದೆ’ ಒತ್ತಿದಳು. ಅಕ್ಕನ ಮನೆಯಲ್ಲಿ ಹಾಡು ಹಾರಿತು. ಹತ್ತು ಸೆಕೆಂಡು ಬಿಟ್ಟು ದೋಣಿ ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ಎರಡನೆಯ ಚರಣದವರೆಗೆ ಬಿಟ್ಟಳು. ಅಕ್ಕ ಹಾಡಿಗೆ ಮನಸ್ಸು ಕೊಡುವ ಹೊತ್ತು ಬರಲಿ ಎಂದು ಕಾದು, ಒತ್ತಿದಳು. ಹಾರಿತು. ಎರಡು ವರ್ಷದಿಂದ ಹೇಳಬೇಕೆಂದು ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನೆಲ್ಲ ಆ ಒಂದು ಗುಂಡಿಯಲ್ಲಿ ಹೇಳಿದಂತಾಯಿತು. ನಗು ಬಂತು. ಯಾರೂ ನೋಡುತ್ತಿಲ್ಲವೆಂದು ಕಿಟಕಿಯ ಕಡೆ ತಿರುಗಿ ನಕ್ಕಳು.

ಒಂಬತ್ತು ದಿನ ಹೀಗೆ ನಡೆಯಿತು. ಬೆಳಿಗ್ಗೆ ಏಳುವಾಗಲೇ ಹನ್ನೊಂದೂ ಇಪ್ಪತ್ತರ ಧ್ಯಾನ. ಬಸ್ಸಿನಲ್ಲಿ ಗಡಿಯಾರ ನೋಡುತ್ತಿದ್ದಳು, ಯಂತ್ರದ ಮುಂದೆ ಗಡಿಯಾರ ನೋಡುತ್ತಿದ್ದಳು. ಹತ್ತು ಗಂಟೆಯಿಂದಲೇ ಕಾಲು ಸ್ಟೂಲಿನ ಅಡ್ಡಪಟ್ಟಿಗೆ ಬಡಿಯತೊಡಗುತ್ತಿತ್ತು. ಗಂಡ, “ಏನೇ, ಈ ಕೆಲಸನೂ ಬಿಡೋ ಲಕ್ಷಣ ಕಾಣ್ತಿದೆಯಲ್ಲ?” ಎಂದು ಕೇಳಿದ. ಅವಳು ಸಿಡಿದು ಬಿದ್ದಳು. ಅಕ್ಕ ಹಾಡನ್ನು ಮೊದಲೆಲ್ಲ ಏಳೆಂಟು ಸಲ ವಾಪಸ್ಸು ತರುತ್ತಿದ್ದಳು, ಬರಬರುತ್ತ ನಾಲ್ಕು, ಮೂರು. ಒಂಬತ್ತನೆಯ ದಿನ ಒಂದೇ ಸಲ.

ಹತ್ತನೆಯ ದಿನ ಹನ್ನೊಂದೂ ಇಪ್ಪತ್ತಾಯಿತು, ಇಪ್ಪತ್ತೈದಾಯಿತು, ದೋಣಿ ಹೊರಡಲಿಲ್ಲ. ಅವಳ ಹಾಡುಗಳು ಯಾರ ಅಡ್ಡಿಯೂ ಇಲ್ಲದೆ ಓಡಿದವು. ನಾಲ್ಕೂವರೆಗೂ ಇಲ್ಲ.

ಗೆದ್ದೆ ಅಂದುಕೊಳ್ಳಬೇಕಿತ್ತು, ಅಂದುಕೊಳ್ಳಲಾಗಲಿಲ್ಲ. ಹನ್ನೊಂದನೆಯ ದಿನ ತನ್ನ ಹಾಡನ್ನು ತಾನೇ ನಿಲ್ಲಿಸಿ, ದಾರಿ ಬಿಟ್ಟುಕೊಟ್ಟು ಕಾದಳು. ಫೋನನ್ನು ಯಂತ್ರದ ಪಕ್ಕ ಒರಗಿಸಿಟ್ಟು, ಪರದೆ ಆರಿದಾಗಲೆಲ್ಲ ಬೆರಳಿಂದ ತಟ್ಟಿ ಎಬ್ಬಿಸಿದಳು. ಏನೂ ಇಲ್ಲ. ಊರಿಗೆ ಹೋಗಿರಬಹುದು. ಫೋನು ಕೆಟ್ಟಿರಬಹುದು. ಬೇಜಾರಾಗಿ ಬಿಟ್ಟಿರಬಹುದು. ಒಂದೊಂದು ಸಮಾಧಾನ ಹೇಳಿಕೊಂಡಾಗಲೂ ಅದರ ಬೆನ್ನಿಗೇ, “ಈಗ ಅವಳಿಗೆ…” ಎಂದು ಹುಡುಗಿ ನಿಲ್ಲಿಸಿದ್ದು ಕಿವಿಯಲ್ಲಿ ಬರುತ್ತಿತ್ತು. ಕುಳಿತರೆ ಏಳಬೇಕೆನಿಸುವುದು, ಎದ್ದರೆ ಎಲ್ಲಿಗೆ ಎಂದು ತಿಳಿಯದು. ಅಂಗಡಿಯ ಬಾಗಿಲಿನವರೆಗೆ ಹೋಗಿ ಬರುವುದು, ನೀರು ಕುಡಿಯುವುದು, ಮತ್ತೆ ಬಾಗಿಲಿಗೆ ಹೋಗುವುದು.

ಹನ್ನೆರಡನೆಯ ದಿನ ಒಬ್ಬ ಶಾಲೆ ಮೇಷ್ಟ್ರ ಕನ್ನಡಕದಲ್ಲಿ ಬಲಗಣ್ಣಿನ ಗಾಜನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಅರೆದಿಟ್ಟಳು. ಎರಡು ವರ್ಷದಲ್ಲಿ ಮೊದಲ ತಪ್ಪು. ಮೇಷ್ಟ್ರು ಹಾಕಿಕೊಂಡು, “ನೆಲ ಕೆರೆ ಏರಿಯ ಥರ ಓರೆಯಾಗಿ ಕಾಣ್ತಿದೆಯಲ್ಲ” ಎಂದರಂತೆ. ಮೇಡಂ ಕನ್ನಡಕ ಹಿಡಿದುಕೊಂಡು ಹಿಂದಿನ ಕೋಣೆಗೆ ಬಂದರು.

“ಏನ್ರೀ ಇದು, ನೀವು ಮಾಡೋ ತಪ್ಪಲ್ಲವಲ್ಲ?”

“ಮೇಡಂ, ನನಗೆ ಮಧ್ಯಾಹ್ನ ರಜೆ ಬೇಕು.”

“ಹುಷಾರಿಲ್ವಾ?”

“ನನಗಲ್ಲ. ನಮ್ಮಕ್ಕನಿಗೆ ಇರಬಹುದು. ಗೊತ್ತಿಲ್ಲ.”

ಮೇಷ್ಟ್ರ ಗಾಜನ್ನು ಹೊಸದಾಗಿ ಅರೆದು ಕೊಟ್ಟು, ಏಪ್ರನ್ ಕಳಚಿ, ಬಸ್ಸು ಹಿಡಿದಳು.

ಅಕ್ಕನ ಮನೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗ, ಹಿಂದಿನ ಸಲ ಇದೇ ಮೆಟ್ಟಿಲನ್ನು ದಡದಡ ಇಳಿದದ್ದು ನೆನಪಾಗಿ ಕಾಲು ತಡೆಯಿತು. ಬಾಗಿಲು ತಟ್ಟಿದಳು. ಒಳಗೆ ಚಿಲಕದ ಜೊತೆ ಯಾರೋ ಒದ್ದಾಡುವ ಸದ್ದು. ಕೊನೆಗೆ ಬಾಗಿಲು ತೆರೆಯಿತು.

ಅಕ್ಕ ತಲೆಗೂದಲು ಕತ್ತರಿಸಿಕೊಂಡಿದ್ದಳು. ಸೊಂಟದವರೆಗೆ ಇದ್ದ ಜಡೆ ಹೋಗಿ, ಕಿವಿಯ ಮಟ್ಟಕ್ಕೆ ಗಿಡ್ಡ ಕೂದಲು. ಬಲಗೈಯನ್ನು ಹೊಟ್ಟೆಗೆ ಒತ್ತಿಹಿಡಿದಿದ್ದಳು.

“ಯಾರಿಗೇನಾಯ್ತು?” ಎಂದಳು ಅಕ್ಕ, ಗಾಬರಿಯಿಂದ. ತಂಗಿ ಈ ಮನೆಗೆ ಬರಬೇಕಾದರೆ ಯಾರಿಗಾದರೂ ಏನಾದರೂ ಆಗಿರಲೇಬೇಕು ಎಂದು ಅವಳ ಲೆಕ್ಕ.

“ಯಾರಿಗೂ ಏನಿಲ್ಲ. ನಿನ್ನ ಕೂದಲೆಲ್ಲಿ?”

“ಬಾಚಿಕೊಳ್ಳೋಕೆ ಕೈ ಏಳ್ಬೇಕಲ್ಲ. ಬಾ ಒಳಗೆ, ಬಾಗಿಲಲ್ಲಿ ನಿಂತು ಮಾತಾಡಿದ್ದು ಸಾಕು.”

ಒಳಗೆ ಹೋಗಿ ಕೂತ ಮೇಲೆ ವಿಷಯ ಬಿಡಿಬಿಡಿಯಾಗಿ ಹೊರಬಿತ್ತು. ಭುಜ ಹಿಡಿದುಕೊಂಡಿತ್ತು. ಇಪ್ಪತ್ತಾರು ವರ್ಷ ಬಟ್ಟೆಯ ಗಂಟು ಎತ್ತಿ ಎತ್ತಿ ಅಟ್ಟಣಿಗೆಗೆ ಏರಿಸಿದ ಕೈ. ಮೊದಲು ನೋವು, ಆಮೇಲೆ ಬಿಗಿ, ಆಮೇಲೆ ಕೈ ಎದೆಗಿಂತ ಮೇಲೆ ಹೋಗಲೇ ಒಲ್ಲೆ ಎಂದಿತು. ಎರಡು ತಿಂಗಳಿಂದ ರಜೆ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಒಂದು ದಾರಿ ಹೇಳಿದ್ದಳು.

“ಗೋಡೆಗೆ ಮುಖ ಮಾಡಿ ನಿಂತು, ಬೆರಳನ್ನ ಗೋಡೆ ಮೇಲೆ ನಡೆಸ್ತಾ ಮೇಲಕ್ಕೆ ಒಯ್ಯಬೇಕು” ಎಂದಳು ಅಕ್ಕ. “ಒಯ್ದು ಅಲ್ಲೇ ಹಿಡೀಬೇಕು. ಮೊದಲು ಒಂದೂವರೆ ತಿಂಗಳು ನಾನು ಗಡಿಯಾರ ನೋಡ್ತಾ ಬೇಗ ಇಳಿಸಿಬಿಡ್ತಿದ್ದೆ, ನೋವಿಗೆ. ಅದಕ್ಕೆ ಅವಳು, ‘ನಿಮಗಿಷ್ಟದ ಒಂದು ನಿಧಾನದ ಹಾಡು ಹಾಕ್ಕೊಳ್ಳಿ, ಹಾಡು ಮುಗಿಯೋವರೆಗೆ ಕೈ ಇಳಿಸ್ಬೇಡಿ, ಐದು ಸಲ’ ಅಂದ್ಲು. ಬಿಸಿನೀರಿನ ಶಾಖ ಕೊಟ್ಕೊಂಡು, ಹನ್ನೊಂದೂ ಇಪ್ಪತ್ತಕ್ಕೆ ಒಂದು ಸಲ, ಸಂಜೆ ಒಂದು ಸಲ. ಚೆನ್ನಾಗಿ ಹೋಗ್ತಿತ್ತು ಕಣೇ. ನೋಡು ಅಲ್ಲಿ.”

ಕಿಟಕಿಯ ಪಕ್ಕದ ಗೋಡೆಯಲ್ಲಿ ಪೆನ್ಸಿಲಿನ ಗೆರೆಗಳಿದ್ದವು. ಒಂದೊಂದಕ್ಕೂ ತಾರೀಕು. ಎದೆಯ ಮಟ್ಟದಿಂದ ಶುರುವಾಗಿ ಒಂದರ ಮೇಲೊಂದು ಏರಿದ್ದವು. ಮಿಲಿಮೀಟರಿನ ಲೆಕ್ಕದಲ್ಲೇ ಬದುಕುವ ತಂಗಿಯ ಕಣ್ಣಿಗೆ ಸ್ಕೇಲು ಬೇಕಾಗಲಿಲ್ಲ. ದಿನಕ್ಕೆ ನಾಲ್ಕು ಮಿಲಿಮೀಟರು, ಒಂದೊಂದು ದಿನ ಆರು. ಗಲ್ಲದ ಮಟ್ಟ ದಾಟಿ ಮೂಗಿನ ಹತ್ತಿರಕ್ಕೆ ಬಂದಿದ್ದವು. ಅಲ್ಲಿಂದ ಗೆರೆಗಳು ಇಳಿದಿದ್ದವು. ತಾರೀಕು ನೋಡುತ್ತ ಹೋದಳು. ಇಳಿದ ಗೆರೆಗಳಿಗೆ ಒಟ್ಟು ಒಂಬತ್ತು ತಾರೀಕು. ಕೊನೆಯ ಗೆರೆ ಹೆಗಲಿಗಿಂತ ಕೆಳಗಿತ್ತು.

“ಆಮೇಲೆ ಈ ದರಿದ್ರ ಫೋನು ಕೆಟ್ಟುಹೋಯ್ತು” ಎಂದಳು ಅಕ್ಕ. “ಕೈ ಮೇಲಿಟ್ಟು ನೋವು ತಡ್ಕೊಂಡು ನಿಂತಿರ್ತೀನಿ, ಹಾಡು ಅರ್ಧಕ್ಕೇ ಹಾರಿಹೋಗೋದು. ಯಾವುದೋ ಡಬಡಬ ಹಾಡು ಶುರುವಾಗೋದು. ಕೈ ಇಳಿಸಿ, ಫೋನು ಸರಿಮಾಡಿ, ಮತ್ತೆ ಮೊದಲಿಂದ ಹತ್ತಿಸ್ಬೇಕು. ಹತ್ತಿಸಿದರೆ ಮತ್ತೆ ಹಾರೋದು. ಆ ಹತ್ತಿಸೋದಿದೆಯಲ್ಲ, ಅದೇ ಸಾಯೋ ನೋವು. ಮೊಬೈಲ್ ಅಂಗಡಿಯವನಿಗೆ ತೋರಿಸ್ದೆ, ಏನೂ ಆಗಿಲ್ಲ ಅಂದ. ನನ್ನ ಹಣೆಬರಹ ಅಂತ ಬಿಟ್ಟೆ.”

ತಂಗಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫೋನು ಸರಿಮಾಡುವ ನೆಪದಲ್ಲಿ ನಾಲ್ಕು ಗುಂಡಿ ಒತ್ತಿ, “ಈಗ ಸರಿಹೋಯ್ತು ನೋಡು” ಎಂದು ಕೈತೊಳೆದುಕೊಳ್ಳಬಹುದಿತ್ತು. ಆ ಯೋಚನೆ ಬಂದು ಹೋಯಿತು ಕೂಡ.

“ಅಕ್ಕ, ಅದು ಫೋನಲ್ಲ. ನಾನು.”

“ಏನು ನೀನು?”

“ಹಾರಿಸ್ತಿದ್ದಿದ್ದು. ನಮ್ಮಿಬ್ಬರದು ಒಂದೇ ಖಾತೆ. ನನ್ನ ಫೋನಿಂದ ಒತ್ತಿದರೆ ನಿನ್ನಲ್ಲಿ ಹಾರುತ್ತೆ. ಮೊದಲು ಯಾರು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೇ ಹಾರಿಸಿದ್ದು. ಒಂಬತ್ತು ದಿನ.”

ಅಕ್ಕ ಅವಳನ್ನೇ ನೋಡಿದಳು. ಆಮೇಲೆ ಗೋಡೆ ನೋಡಿದಳು.

“ಗೊತ್ತಾದ ಮೇಲೆ?”

“ಹೂಂ. ಕೈ ವಿಷಯ ಗೊತ್ತಿರಲಿಲ್ಲ. ನೀನು ಅಂತ ಗೊತ್ತಿತ್ತು.”

“ಎದ್ದು ಹೋಗು.”

“ಅಕ್ಕ…”

“ಎದ್ದು ಹೋಗು ಅಂದೆ. ಕೈಲಾಗದೆ ನಿಂತೋಳ ಜೊತೆ ಆಟ ಆಡ್ತೀಯಾ? ನಾಚಿಕೆ ಆಗ್ಬೇಕು ನಿನಗೆ. ನಡೆ.”

ಅಕ್ಕ ಎದ್ದು ಅಡುಗೆ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಳಗೆ ಪಾತ್ರೆಗಳ ಸದ್ದು, ಎಡಗೈಯಲ್ಲಿ ಎತ್ತಿ ಕುಕ್ಕುವ ಸದ್ದು. ತಂಗಿಯ ಕೈ ಆಗಲೇ ಚೀಲದ ಪಟ್ಟಿಗೆ ಹೋಗಿತ್ತು. ಬದುಕಿನಲ್ಲಿ ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ, ಎದ್ದು ಹೊರಡುವುದು. ಬಾಗಿಲು ತೆರೆದೇ ಇತ್ತು. ಕೆಳಗೆ ಸೈಕಲ್ ಅಂಗಡಿಯವನು ಟೈರಿಗೆ ಗಾಳಿ ಹೊಡೆಯುತ್ತಿದ್ದ. ಚೀಲವನ್ನು ಕಾಲ ಬಳಿ ಇಟ್ಟು ಕೂತಳು. ಮುಳ್ಳಿನ ಮೇಲೆ ಕೂತ ಹಾಗಿತ್ತು. ಫೋನು ಮುಟ್ಟಲು ಮನಸ್ಸಾಗಲಿಲ್ಲ. ಗೋಡೆಯ ಗೆರೆಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಎಣಿಸಿದಳು. ಹೀಗೇ ಒಂದು ಗಂಟೆ ಕಳೆಯಿತು, ಒಂದೂವರೆ ಗಂಟೆ ಕಳೆಯಿತು.

ಅಡುಗೆ ಕೋಣೆಯ ಬಾಗಿಲು ತೆರೆಯಿತು.

“ಇನ್ನೂ ಇದ್ದೀಯಾ?”

“ನಾಲ್ಕೂವರೆ ಆಗ್ತಾ ಬಂತು” ಎಂದಳು ತಂಗಿ. “ಶಾಖದ ಚೀಲ ಎಲ್ಲಿದೆ?”

ಅಕ್ಕ ಕಪಾಟಿನ ಕಡೆ ಗಲ್ಲ ತೋರಿಸಿದಳು. ತಂಗಿ ನೀರು ಕಾಯಿಸಿ, ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಭುಜಕ್ಕೆ ಇಟ್ಟಳು. ಹದಿನೈದು ನಿಮಿಷ ಅದನ್ನು ಒತ್ತಿ ಹಿಡಿದಳು. ಆಮೇಲೆ ಅಕ್ಕ ಎದ್ದು ಗೋಡೆಗೆ ಮುಖ ಮಾಡಿ ನಿಂತಳು. ತಂಗಿ ತನ್ನ ಫೋನಿನಲ್ಲಿ ದೋಣಿಯ ಹಾಡು ಹಾಕಿ ಕಿಟಕಿಯ ಮೇಲಿಟ್ಟು, ಅಕ್ಕನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು. ಬೆರಳುಗಳು ಗೋಡೆಯ ಮೇಲೆ ಇಷ್ಟಿಷ್ಟೇ ನಡೆದವು. ಹೆಗಲಿನ ಹತ್ತಿರ ಬಂದಾಗ ಅಕ್ಕ ಹಲ್ಲು ಕಚ್ಚಿದ್ದು ಕೇಳಿಸಿತು.

ನಾಲ್ಕು ನಿಮಿಷ ಮೂವತ್ತೈದು ಸೆಕೆಂಡಿನ ಹಾಡು. ಒಂದು ನಿಮಿಷಕ್ಕೇ ತಂಗಿಯ ಕಾಲಿನ ಬೆರಳುಗಳು ಕುಣಿಯತೊಡಗಿದವು. ಎರಡನೆಯ ಚರಣಕ್ಕೆ ಹೆಬ್ಬೆರಳು ತಾನಾಗಿ ಆಡಿತು, ಆದರೆ ಅದರ ಮೇಲೆ ಅಕ್ಕನ ತೋಳಿನ ಭಾರವಿತ್ತು. ಮೂರನೆಯ ಚರಣ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅದು ಮುಗಿದ ಮೇಲೆ ವಾದ್ಯವೆಲ್ಲ ನಿಂತು, ಹಾಡುವವಳು ಒಬ್ಬಳೇ ಗುನುಗುತ್ತ ದೂರ ಹೋದಂತೆ ಆಗುವ ಒಂದು ತುಣುಕಿತ್ತು. ಅದೂ ಗೊತ್ತಿರಲಿಲ್ಲ.

“ಇಳಿಸು” ಎಂದಳು.

“ಇನ್ನೂ ನಾಲ್ಕು ಸಲ ಇದೆ” ಎಂದಳು ಅಕ್ಕ ಗೋಡೆಗೆ.

ಮರುದಿನದಿಂದ ತಂಗಿ ದಿನವೂ ಬರತೊಡಗಿದಳು. ಅಂಗಡಿ ಯಜಮಾನರನ್ನು ಕೇಳಿ, ಮಧ್ಯಾಹ್ನದ ಊಟದ ಬಿಡುವನ್ನು ನಾಲ್ಕು ಗಂಟೆಗೆ ತಳ್ಳಿಕೊಂಡಳು. ಬಸ್ಸಿನಲ್ಲೇ ಡಬ್ಬಿ ತೆಗೆದು ಉಣ್ಣುತ್ತಿದ್ದಳು. ಹನ್ನೊಂದೂ ಇಪ್ಪತ್ತಕ್ಕೆ ತನ್ನ ಹಾಡು ಬಂದ್ ಮಾಡಿ ಅಕ್ಕನಿಗೆ ಬಿಟ್ಟುಕೊಡುತ್ತಿದ್ದಳು. ಪರದೆಯ ಮೇಲೆ ದೋಣಿ ಹೊರಟದ್ದು ಕಂಡರೆ ಮಾತ್ರ ಕೈ ಕೆಲಸಕ್ಕೆ ಹತ್ತುತ್ತಿತ್ತು. ಒಂದು ದಿನ ಐದು ನಿಮಿಷ ತಡವಾಯಿತು ನೋಡಿ, ಫೋನೇ ಮಾಡಿಬಿಟ್ಟಳು. “ಹಾಲು ಉಕ್ಕಿತ್ತು ಕಣೇ, ಒರೆಸ್ತಿದ್ದೆ. ಪೊಲೀಸರ ಥರ ಕಾಯ್ಬೇಡ” ಎಂದು ಅಕ್ಕ ಬೈದಳು.

ಜಗಳದ ಮಾತು ಬಂದದ್ದೂ ಗೋಡೆಯ ಮುಂದೆಯೇ. ಮುಖ ನೋಡಬೇಕಾಗಿಲ್ಲದ್ದರಿಂದ ಇಬ್ಬರಿಗೂ ಸುಲಭವಾಯಿತೇನೋ. ಮೂರನೆಯ ವಾರ, ನಾಲ್ಕನೆಯ ಸುತ್ತಿನ ನಡುವೆ ಅಕ್ಕ, “ಅವತ್ತು ನಾನು ಅಂದ ಮಾತು…” ಎಂದಳು.

“ಸುಳ್ಳೇನಲ್ಲವಲ್ಲ.”

“ಸುಳ್ಳಲ್ಲ. ಆದರೆ ಅವರಿಗೆ ಹೇಳೋ ಬದಲು ನಿನಗೆ ಹೇಳ್ಬೇಕಿತ್ತು. ಮನೇಲಿ ಕೂರಿಸ್ಕೊಂಡು, ಈ ಸಲನಾದ್ರೂ ನಿಲ್ತೀಯೇನೇ ಅಂತ ಕೇಳ್ಬೇಕಿತ್ತು.”

“ಕೇಳಿದ್ರೆ ನಿಲ್ತೀನಿ ಅಂತಿದ್ದೆ. ಐದು ತಿಂಗಳಿಗೆ ಬಿಡ್ತಿದ್ದೆ.”

ಅಕ್ಕ ನಕ್ಕಳು. ನಕ್ಕರೆ ಭುಜ ಅಲುಗುತ್ತದೆ. “ಅಯ್ಯೋ, ನಗಿಸ್ಬೇಡ, ಪ್ರಾಣ ಹೋಗುತ್ತೆ!”

“ಕೈ ವಿಷಯ ನನಗ್ಯಾಕೆ ಹೇಳಲಿಲ್ಲ? ಮಗಳ ಬಾಯಿಗೂ ಬೀಗ ಹಾಕಿದ್ಯಲ್ಲ.”

“ಕನಿಕರಕ್ಕೆ ಬರೋದು ಬೇಡ ಅಂತ. ಬರೋದಾದ್ರೆ ಕೋಪ ಮಾಡ್ಕೊಂಡೇ ಬಾ ಅಂತ.”

ಗೆರೆಗಳು ಮತ್ತೆ ಏರತೊಡಗಿದವು. ಆದರೆ ಮೊದಲಿನಷ್ಟು ಬೇಗ ಅಲ್ಲ. ಕಳೆದ ದಿನಗಳಲ್ಲಿ ಭುಜ ಇನ್ನಷ್ಟು ಬಿಗಿದಿತ್ತು; ಎರಡು ಸಲ ಸೂಜಿಮದ್ದು ಕೊಡಿಸಬೇಕಾಯಿತು. ವ್ಯಾಯಾಮ ಹೇಳಿಕೊಡುವವಳು ತಾರೀಕುಗಳ ಪಟ್ಟಿ ನೋಡಿ, “ಇಲ್ಲಿ ಯಾಕೆ ಬಿಟ್ಟಿರಿ? ಚೆನ್ನಾಗಿ ಬರ್ತಿತ್ತಲ್ಲ” ಎಂದು ಗದರಿದಾಗ, “ಫೋನು ಕೆಟ್ಟಿತ್ತು” ಎಂದು ಅಕ್ಕ ಹೇಳಿದಳು. ಪಕ್ಕದಲ್ಲಿದ್ದ ತಂಗಿ ನೆಲ ನೋಡಿದಳು. ಆ ಒಂಬತ್ತು ದಿನ ಹೊಟ್ಟೆಯೊಳಗಿಂದ ಪೂರ್ತಿ ಹೋಗಲಿಲ್ಲ. ಕಿಟಕಿ ಪಕ್ಕದ ಗೋಡೆಗೆ ಸುಣ್ಣ ಹೊಡೆಸೋಣ ಎಂದು ಅವಳು ಎರಡು ಸಲ ಹೇಳಿದಳು. ಅಕ್ಕ ಬೇಡವೆಂದಳು.

ಮಗಳು ರಜೆಗೆ ಬಂದಾಗ ಚಿಕ್ಕಮ್ಮನಿಗೆ ಬೇರೆ ಖಾತೆ ಮಾಡಿಕೊಟ್ಟಳು. ಹೊಸ ಖಾತೆಗೆ ಮುಂದಮ್ಮನ ಗುಣವೇ ಗೊತ್ತಿರಲಿಲ್ಲ. ‘ನಿಮಗೆ ಇಷ್ಟವಾದ ಮೂವರು ಗಾಯಕರನ್ನು ಆರಿಸಿ’ ಎಂದು ಕೇಳಿತು. ಅವಳು ಹುಡುಕಿ ಹುಡುಕಿ, ಆರಿಸಿ ಬಿಟ್ಟು, ಬಿಟ್ಟು ಆರಿಸಿ, ಅರ್ಧ ಗಂಟೆ ಕಳೆದರೂ ಇಬ್ಬರ ಮೇಲೆ ಹೋಗಲಿಲ್ಲ. “ಯಾರಾದ್ರೂ ಒಬ್ಬರನ್ನ ಒತ್ತು ಚಿಕ್ಕಮ್ಮ, ಸಂಬಂಧ ನೋಡ್ತಿದ್ದೀಯಾ ಏನು?” ಎಂದು ಹುಡುಗಿ ತಲೆ ಚಚ್ಚಿಕೊಂಡಳು. ಅಂಗಡಿಯಲ್ಲಿ ಅವಳು ಮೊದಲಿನಂತೆಯೇ ಹಾರಿಸುತ್ತ ಕೂರುತ್ತಿದ್ದಳು. ಕಾಲು ಈಗಲೂ ತುರಿಸುತ್ತಿತ್ತು. ಊರಾಚೆ ಹೊಸದಾಗಿ ತೆರೆದ ಗಡಿಯಾರದ ಕಾರ್ಖಾನೆಗೆ ಜನ ಬೇಕಂತೆ ಎಂದು ಕೇಳಿದ ದಿನ, ಫೋನ್ ನಂಬರು ಬರೆದುಕೊಂಡು ಬಂದಿದ್ದಳು ಕೂಡ. ಇನ್ನೂ ಫೋನು ಮಾಡಿರಲಿಲ್ಲ.

ಐದನೆಯ ತಿಂಗಳಿಗೆ ಅಕ್ಕನ ಕೈ ತಲೆಯ ಮೇಲೆ ಹೋಯಿತು. ಆಸ್ಪತ್ರೆಯವರು ಗಂಟು ಎತ್ತದ, ಬರೀ ಪಟ್ಟಿ ನೋಡುವ ಕೆಲಸ ಕೊಟ್ಟು ವಾಪಸ್ಸು ಕರೆದರು. ವ್ಯಾಯಾಮದವಳು ಇನ್ನು ಗೋಡೆ ಸಾಕೆಂದು ಒಂದು ಅಗಲ ರಬ್ಬರ್ ಪಟ್ಟಿ ಕೊಟ್ಟಳು. ಅದನ್ನು ಬಾಗಿಲಿನ ಹಿಡಿಗೆ ಕಟ್ಟಿ ಎಳೆದು, ಮೂವತ್ತು ಎಣಿಸುವವರೆಗೆ ಹಿಡಿಯಬೇಕು. ಹಾಡಿನ ಅಗತ್ಯವಿಲ್ಲ.

ಮೊದಲ ದಿನ ತಂಗಿ ಬಾಗಿಲು ಒತ್ತಿಹಿಡಿದು ನಿಂತಳು. ಅಕ್ಕ ಪಟ್ಟಿ ಎಳೆದಳು.

“ಎಣಿಸು.”

“ಒಂದು, ಎರಡು, ಮೂರು, ನಾಲ್ಕು, ಐದು, ಆರು…”

“ಏ, ನಿಧಾನ! ರೈಲು ಹಿಡೀಬೇಕಾ ನಿನಗೆ?”

“ಇದೇ ನನ್ನ ನಿಧಾನ.”

“ಹಾಗಾದ್ರೆ ನಾನೇ ಎಣಿಸ್ಕೊತೀನಿ. ನೀನು ಬಾಗಿಲು ಹಿಡಿ ಸಾಕು. ಒಂದು…”

ಎರಡು ಬರುವುದಕ್ಕೆ ಎಷ್ಟು ಹೊತ್ತಾಯಿತೆಂದರೆ, ತಂಗಿ ಬಾಗಿಲಿಗೆ ಹಣೆ ಒತ್ತಿ, “ಅಕ್ಕ, ದಮ್ಮಯ್ಯ, ಬೇಗ” ಎಂದಳು.

“ಎರಡು” ಎಂದಳು ಅಕ್ಕ.